ಮೊಸರನ್ನದೊಳಗಿನ ಮಾತ್ರೆ

ಬಾಗಿಲ ಸಂದಿಯಲ್ಲಿ ಒಂದು ಕಿವಿ, ಅರ್ಧ ಮೀಸೆ, ಬೆಣ್ಣಿಯದೇ ಇರಬೇಕು, ಸುಬ್ಬಿಯಾಗಿದ್ದರೆ ಇಷ್ಟು ಹೊತ್ತಿಗೆ ಹಾಲಿನ ಪಾತ್ರೆಗೆ ಮೂತಿ ಇಟ್ಟಿರುತ್ತಿತ್ತು, ನಾನು ತಿರುಗಿ ನೋಡಬಾರದು, ನೋಡಿದರೆ ಓಡುತ್ತದೆ, ಕಾಣದವಳ ಹಾಗೆ ಹೀರೇಕಾಯಿ ಹೆರೆಯುತ್ತಲೇ ಇರಬೇಕು — ನನ್ನದೇ ಅಡಿಗೆಮನೆಯಲ್ಲಿ ಕಳ್ಳಿಯ ಹಾಗೆ ಉಸಿರು ಹಿಡಿದು ನಿಂತಿದ್ದೇನೆ, ಒಂದು ಬೆಕ್ಕಿಗೆ ಹೆದರಿ. ಅದರ ಹಿಂಗಾಲಿನ ಗಾಯದಿಂದ ಇನ್ನೂ ಕೀವು ಸೋರುತ್ತಿದೆ, ಐದು ದಿನ ಮಾತ್ರೆ ಹೋಗಬೇಕು ಅಂದಿದ್ದರು ದನದ ಡಾಕ್ಟರು, ಅನ್ನದಾಗ ಮುಚ್ಚಿ ಹಾಕ್ರಿ ಅಮ್ಮಾ, ಅದಕ್ಕೇನು ಗೊತ್ತಾಗತೈತಿ, ಮೂರು ದಿನವಾಯಿತು, ಒಂದೂ ಹೋಗಿಲ್ಲ, ಮೊಸರನ್ನದ ಉಂಡೆಯ ನಡುವೆ ಇಟ್ಟರೆ ಸುತ್ತಲಿನದನ್ನೆಲ್ಲ ತಿಂದು ಬಿಳಿ ಮಾತ್ರೆಯೊಂದನ್ನೇ ತಟ್ಟೆಯಲ್ಲಿ ಬಿಟ್ಟು ಹೋಗುತ್ತದೆ, ತೊಳೆದಿಟ್ಟ ಹಾಗೆ. ಅದಕ್ಕೆ ಗೊತ್ತಾಗುತ್ತದೆ. ನಾನು ಕಲಸಿದ ಮೊಸರನ್ನದಲ್ಲಿ ಏನೋ ಇರುತ್ತದೆ ಅಂತ ಅದಕ್ಕೆ ಗೊತ್ತು.

ಯಾಕೆಂದರೆ ಇತ್ತು. ಚಮಚದಿಂದ ತಟ್ಟೆ ಬಡಿದು ಕರೆದವಳು ನಾನೇ, ಎರಡೂ ಬಾಲ ಎತ್ತಿ ಓಡಿ ಬಂದು ತಿನ್ನಲು ಶುರು ಮಾಡಿದಾಗ ಮೇಲಿಂದ ಗೋಣಿಚೀಲ ಹಾಕಿದವಳೂ ನಾನೇ. ಆ ದ್ವಾದಶಿಯ ಬೆಳಿಗ್ಗೆ ಸುಬ್ಬಿ ನೈವೇದ್ಯದ ಹಾಲಿಗೆ ಬಾಯಿ ಹಾಕಿತ್ತು, ಅತ್ತೆ ಅಂಬುಜಮ್ಮನವರು ಹಿಂದಿನ ದಿನವೆಲ್ಲ ನೀರೂ ಮುಟ್ಟದೆ ಏಕಾದಶಿ ಮಾಡಿ, ನಸುಕಿನಲ್ಲೇ ಮಡಿಯಲ್ಲಿ ಅಡಿಗೆ ಮುಗಿಸಿದ್ದರು, ಮತ್ತ ತಣ್ಣೀರು ಹಾಕ್ಕೋಬೇಕು, ಮತ್ತ ಒಲಿ ಹಚ್ಚಬೇಕು, ಪಾರಣಿ ಹೊತ್ತು ಮೀರೋ ತನಕ ಸೂರ್ಯ ನನಗಾಗಿ ಕೂತಿರ್ತಾನೇನ ಶ್ರೀವಲ್ಲಿ, ಅಂದು ಗೋಡೆ ಹಿಡಿದು ಕೂತುಬಿಟ್ಟರು, ಎಪ್ಪತ್ತೆರಡರ ಜೀವ, ತುಟಿ ಬೆಳ್ಳಗಾಗಿತ್ತು. ನನಗೆ ಸಿಟ್ಟಲ್ಲ, ಹೆದರಿಕೆ. ಅವತ್ತೇ ಸಿರುಗುಪ್ಪದಿಂದ ಚಿದಾನಂದಪ್ಪ ಬಂದಿದ್ದರು, ನಮ್ಮ ಯಜಮಾನರ ಸ್ನೇಹಿತರು, ಅಕ್ಕಿ ಮಿಲ್ಲಿನವರು, ನಮ್ಮಲ್ಲಿ ಇಲಿ ಕಾಟ ಭಾಳ ಐತ್ರಿ, ಕೊಡ್ರಿ ಒಯ್ತೀನಿ ಅಂದರು, ಕೊಟ್ಟೆ. ಮಗಳು ಸಂಪದಾ ಸಾಲಿಯಿಂದ ಬಂದು ಕೇಳಿದಾಗ, ತಾವೇ ಎಲ್ಲೋ ಹೋಗ್ಯಾವ ಪುಟ್ಟಿ, ಬರ್ತಾವ, ಅಂದೆ. ಎಂಟು ವರ್ಷದ ಹುಡುಗಿ ಒಂದು ವಾರ ಬೀದಿ ಬೀದಿ ತಿರುಗಿದಳು, ಸತ್ಯನಾರಾಯಣಪೇಟೆಯ ಒಂದು ಕಾಂಪೌಂಡು ಬಿಡದೆ, ತಟ್ಟೆ ಬಡಿಯುತ್ತ. ನಾನು ಒಳಗೆ ನಿಂತು ಆ ಸದ್ದು ಕೇಳುತ್ತಿದ್ದೆ. ಹೇಳಲಿಲ್ಲ.

ಹೇಳಿದ್ದು ಚಿದಾನಂದಪ್ಪ, ಮುಂದಿನ ಸಲ ಬಂದಾಗ, ನಗುತ್ತ, ನಿಮ್ಮವ್ವ ಕೊಟ್ಟ ಬೆಕ್ಕು ಭಾರಿ ಅದಾವವ್ವಾ, ಇಲಿ ಕಂಡ್ರ ಓಡ್ತಾವ, ಹಮಾಲರ ಬುತ್ತಿ ಕಂಡ್ರ ಹಾರ್ತಾವ, ಮೊಸರನ್ನದ ಬೆಕ್ಕು ಎಲ್ಲಿ ಇಲಿ ಹಿಡೀತಾವ್ರೀ — ಸಂಪದಾ ನನ್ನನ್ನು ನೋಡಿದಳು. ಮರುದಿನವೇ ಸಿರುಗುಪ್ಪಕ್ಕೆ ಹೋಗಿ ಎರಡನ್ನೂ ಬುಟ್ಟಿಯಲ್ಲಿ ತಂದೆ, ಕುರುಗೋಡಿನ ಮೇಲೆ ಬರುವ ಬಸ್ಸು, ಬಟ್ಟೆ ಮುಚ್ಚಿದ ಬುಟ್ಟಿ ತೊಡೆಯ ಮೇಲೆ, ದಾರಿಯುದ್ದಕ್ಕೂ ಒಳಗಿಂದ ಒಂದು ಸದ್ದೂ ಇಲ್ಲ, ಅದೇ ನನ್ನನ್ನು ಕೊಂದದ್ದು. ಪಾತ್ರೆ ತಿಕ್ಕುವ ಜಯಶ್ರೀ ಅವುಗಳ ಎಲುಬು, ಮಿಲ್ಲಿನಲ್ಲಿ ಬೆಣ್ಣಿಯ ಕಾಲಿಗಾದ ಗಾಯ ನೋಡಿ ಅಂದಳು, ಮಿಲ್ಲಿಗಿಂತ ಮೊದಲೂ ಇವಕ್ಕ ಹಿಂಗ ಹಸಿವಿನ ಹುಚ್ಚಿತ್ತಲ್ರೀ ಅಮ್ಮಾ, ನೀವು ಉಪಾಸ ಇದ್ದ ದಿನ ಇವಕ್ಕೇನು ಹಾಕ್ತಿದ್ರಿ? ಏನು ಹಾಕುತ್ತಿದ್ದೆ. ಮಗಳಿಗೆ ಉಪ್ಪಿಟ್ಟು. ಅನ್ನವಿಲ್ಲ, ಹಾಲು ನಾಳೆಯ ನೈವೇದ್ಯಕ್ಕೆ. ತಿಂಗಳಿಗೆ ಎರಡು ಸಲ, ಎರಡು ವರ್ಷ, ನನಗೆ ಹೊಳೆದೇ ಇರಲಿಲ್ಲ. ಅಲ್ರೀ, ಏಕಾದಶಿ ಮಾಡಿದ್ರ ಬೆಕ್ಕಿಗೂ ವೈಕುಂಠ ಸಿಗತೈತೇನ್ರಿ, ಅಂತ ಜಯಶ್ರೀ ನಕ್ಕಳು, ನನಗೆ ನಗು ಬರಲಿಲ್ಲ. ಯಾವ ದಿನ ತಟ್ಟೆ ಖಾಲಿ ಇರುತ್ತದೋ ಗೊತ್ತಿಲ್ಲದ ಜೀವಕ್ಕೆ ಸಿಕ್ಕಿದಾಗ ಕದಿಯದೆ ಬೇರೇನು ದಾರಿ.

ಈಗ ಯಾವ ದಿನವಾದರೂ ಸರಿ, ಎಂಟಕ್ಕೊಮ್ಮೆ, ಒಂದಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ, ಹೊತ್ತು ತಪ್ಪಿಸುವುದಿಲ್ಲ. ತಟ್ಟೆ ಬಡಿಯುವುದಿಲ್ಲ. ಇಟ್ಟು ಮೂರು ಮಾರು ದೂರ ಹೋಗಿ ಬೆನ್ನು ತಿರುಗಿಸಿ ಕೂರುತ್ತೇನೆ, ಹುಣಸೆಹಣ್ಣು ಬಿಡಿಸುತ್ತೇನೆ. ಸುಬ್ಬಿ ಈಗೀಗ ಕಾಲಿಗೆ ಉಜ್ಜುತ್ತದೆ, ಹೊಟ್ಟೆ ತುಂಬಿದ್ದರೂ ಉಜ್ಜುತ್ತದೆ, ಬೆಣ್ಣಿಯದೇ ಕಷ್ಟ. ಅತ್ತೆ ದೇವರ ಹಾಲಿನ ಕಪಾಟಿಗೆ ಕೀಲಿ ಹಾಕುತ್ತಾರೆ, ಬೆಕ್ಕಿಗೆ ಹೆದರಿಯೋ, ಕದ್ದು ಹಾಕುವ ನನಗೆ ಹೆದರಿಯೋ.

ಇವತ್ತು ಮಾತ್ರೆ ಬೇಡ. ಡಾಕ್ಟರು ಬೈದರೆ ಬೈಯಲಿ, ಸೂಜಿಮದ್ದು ಕೇಳುತ್ತೇನೆ, ಇನ್ನು ಅನ್ನದಲ್ಲಿ ಏನನ್ನೂ ಮುಚ್ಚುವುದಿಲ್ಲ. ಬರೀ ಮೊಸರನ್ನ. ಹಿತ್ತಲ ಬಾಗಿಲಲ್ಲಿ ಇಟ್ಟೆ. ಶನಿವಾರ, ಅರ್ಧ ದಿನದ ಸಾಲಿ, ಸಂಪದಾ ಚೀಲ ಇಳಿಸದೆ ಅಲ್ಲೇ ನಿಂತಿದ್ದಾಳೆ, ಅದರಾಗ ಏನ್ ಹಾಕೀದಿ ಅಮ್ಮ? ಏನೂ ಇಲ್ಲ ಪುಟ್ಟಿ. ಖರೇನ? ಖರೇ. ಬೆಣ್ಣಿ ಕುಂಟುತ್ತ ಬಂತು, ಮೂಸಿತು, ಸುತ್ತಿತು, ಮತ್ತೆ ಮೂಸಿತು, ತಿಂದಿತು, ನಡುವಿನದನ್ನೂ ತಿಂದಿತು, ತಟ್ಟೆ ನೆಕ್ಕಿತು, ಓಡಿಹೋಗದೆ ಅಲ್ಲೇ ಕೂತು ಮುಖ ತೊಳೆಯಿತು, ನನ್ನ ಎದೆ ಹಗುರಾಯಿತು, ಆಯಿತಲ್ಲ, ಇಷ್ಟೇ ಅಲ್ಲವೇ ಬೇಕಾಗಿದ್ದು, ಬಾ ಪುಟ್ಟಿ ಕೈ ತೊಳಕೋ, ಹುಳಿಯನ್ನ ಕಲಸೀನಿ, ಬಿಸಿ ಅದ, ತುಪ್ಪ ಹಾಕೀನಿ, ಎದುರಿಗೆ ಕೂರಿಸಿಕೊಂಡು ತುತ್ತು ಮಾಡಿ ಬಾಯಿಗೆ ಒಯ್ದೆ — ಬಾಯಿ ತೆರೆಯಲಿಲ್ಲ, ಅಂಗೈ ಚಾಚಿದಳು, ತುತ್ತನ್ನು ಇಸಿದುಕೊಂಡು, ಹೆಬ್ಬೆರಳು ಊರಿ, ಮೆಲ್ಲಗೆ ಎರಡು ಹೋಳು ಮಾಡಿ, ಒಳಗೆ ನೋಡಿದಳು. ಅನ್ನ, ಬೇಳೆ, ಒಂದು ಕರಿಬೇವು. ಆಮೇಲೆ ತಿಂದಳು, ತಿನ್ನುತ್ತಿದ್ದಾಳೆ, ನಾನು ಇನ್ನೊಂದು ತುತ್ತು ಮಾಡುತ್ತಿದ್ದೇನೆ, ಅಂಗೈ ಮತ್ತೆ ಬಂತು, ಹೆಬ್ಬೆರಳು, ಎರಡು ಹೋಳು, ಮತ್ತೊಂದು ತುತ್ತು, ಅದೇ ಪುಟ್ಟ ಹೆಬ್ಬೆರಳು, ಎರಡು ಹೋಳು —