ದಿಂಬಿನಡಿಯ ಕುಡ್ಲು

ಸಾಣೆಕಲ್ಲಿಗೆ ನೀರು ಚಿಮುಕಿಸಿ ಕುಡ್ಲು ಮಸೆಯುತ್ತಿದ್ದ ಸೋಮಮ್ಮ, ಒಳಮನೆಯಲ್ಲಿ ಸೊಸೆ ನರಳಿದ್ದು ಕೇಳಿ ಕೈ ನಿಲ್ಲಿಸಿದಳು. ಬೆಳಗಿನಿಂದ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದ ರಾಜಮ್ಮಣ್ಣಿ ಈಗ ಚಾಪೆ ಹಿಡಿದಿದ್ದಳು. ಮಗ ಮಹದೇವು ಪಕ್ಕದ ಮನೆ ಪುಟ್ಟಬಸಪ್ಪನ ಕುಡ್ಲು ಕೇಳಿ ಪಡೆದು ಕಾಡಂಚಿನ ಹೊಲಕ್ಕೆ ಹೋಗಿದ್ದ. ಹಂದಿ ನುಗ್ಗುವ ಮೊದಲು ರಾಗಿ ಕೊಯ್ದು ಮುಗಿಸಬೇಕಿತ್ತು. ಸೋಮಮ್ಮ ಕುಡ್ಲನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಬಂದಳು.

ಲೊಕ್ಕನಹಳ್ಳಿಯ ಆ ಮನೆಯಲ್ಲಿ ಕುಡ್ಲು ಮಾಡದ ಕೆಲಸವಿರಲಿಲ್ಲ. ರಾಗಿ ಕೊಯ್ಯಲು ಅದೇ ಕುಡುಗೋಲು, ದನದ ಹುಲ್ಲಿಗೆ ಅದೇ, ಕುಂಬಳಕಾಯಿ ಸೀಳಲೂ ಅದೇ. ಮೈನೆರೆದ ಹುಡುಗಿಯ ಪಕ್ಕದಲ್ಲಿ ಕುಡ್ಲು, ಬಾಣಂತಿಯ ದಿಂಬಿನಡಿ ಕುಡ್ಲು, ಗಾಳಿ ಸೋಕದಿರಲಿ ಅಂತ. ಹುಟ್ಟಿದ ಕೂಸಿನ ಹೊಕ್ಕುಳ ಬಳ್ಳಿ ಕೊಯ್ಯುವುದೂ ಅದರಲ್ಲೇ. ಬೇರೆ ಕಬ್ಬಿಣ ಸೋಕಿದ ಕೂಸು ಮನೆಗೆ ಅಂಟುವುದಿಲ್ಲ ಎಂದು ಸೋಮಮ್ಮನ ಅತ್ತೆ ಹೇಳುತ್ತಿದ್ದಳು. ಅತ್ತೆ ಹೋಗಿ ಎಷ್ಟೋ ವರ್ಷವಾಗಿತ್ತು, ಮಾತು ಹೋಗಿರಲಿಲ್ಲ.

ರಾಜಮ್ಮಣ್ಣಿಗೆ ತವರಲ್ಲಿ ತಾಯಿ ಇಲ್ಲ. ಅದಕ್ಕೇ ಮೊದಲ ಹೆರಿಗೆಯೂ ಇಲ್ಲೇ ಆಗಿತ್ತು. ಗಂಡು ಕೂಸು, ಮೈತುಂಬಿಕೊಂಡು ಮುದ್ದಾಗಿತ್ತು. ಚೆನ್ನಾಗಿ ಹಾಲು ಕುಡಿಯುತ್ತಿದ್ದದ್ದು ಏಳನೇ ದಿನ ಬಾಯಿ ಬಿಗಿದುಕೊಂಡಿತು. ಮುಟ್ಟಿದರೆ ಸಾಕು, ಮೈಯೆಲ್ಲ ಬಿಲ್ಲಿನಂತೆ ಸೆಟೆಯುತ್ತಿತ್ತು. ಮಾರನೆಯ ದಿನ ಹೋಯಿತು. ಬಾಯಿ ಬಿಗಿಯುವ ಹಿಂದಿನ ಸಂಜೆ ಮಹದೇವು ದಿಂಬಿನಡಿಯಿಂದ ಕುಡ್ಲು ತೆಗೆದು ಹುಲ್ಲಿಗೆ ಒಯ್ದಿದ್ದ. ಆ ಸಂದಿಯಲ್ಲೇ ಗಾಳಿ ಹೊಕ್ಕಿತು, ಕೂಸನ್ನು ನೀನೇ ತಿಂದೆ ಎಂದು ಸೋಮಮ್ಮ ಮಗನನ್ನು ವಾರಗಟ್ಟಲೆ ಬೈದಳು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಅಂದಿನಿಂದ ಆ ಕುಡ್ಲು ಮುಟ್ಟಬೇಕಾದರೂ ಅವ್ವನನ್ನು ಕೇಳುತ್ತಿದ್ದ.

ಹೊತ್ತು ಇಳಿಯುವಾಗ ಕೂಸು ಬಂತು. ಹೆಣ್ಣು. ಗಟ್ಟಿಯಾಗಿ ಅತ್ತಿತು. ಸೋಮಮ್ಮ ಬಳ್ಳಿಗೆ ದಾರ ಕಟ್ಟಿ ಕುಡ್ಲಿಗೆ ಕೈ ಚಾಚಿದಾಗ ಬೆವರಲ್ಲಿ ನೆಂದು ಬಿದ್ದಿದ್ದ ಸೊಸೆ ಅವಳ ಮಣಿಕಟ್ಟು ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಕಾಗದದ ಪೊಟ್ಟಣವಿತ್ತು.

"ಇದ್ರಲ್ಲಿ ಕೊಯ್ಯತ್ತೆ. ಒಸ ಬ್ಲೇಡು. ಅನೂರಿಂದ ಬತ್ತಾಳಲ್ಲ ನರ್ಸಮ್ಮ, ಅವ್ಳು ಕೊಟ್ಟೋದ್ಲು."

"ಯಾಕ? ನಮ್ ಕುಡ್ಲುಗೆ ಯಾನಾಗದೆ?"

"ಅದ್ರಲ್ಲಿ ನಂಜದಂತೆ. ಮೊದ್ಲು ಕೂಸ್ಗೂ ಅದೇ ನಂಜು ಏರುದ್ದು ಅಂದ್ಲು."

ಹೊಸ ವೈದ್ಯನಿಗಿಂತ ಹಳೇ ರೋಗಿ ಮೇಲು ಎನ್ನಲು ಸೋಮಮ್ಮ ಬಾಯಿ ತೆರೆದಳು. ಮೊದಲ ಕೂಸು ನೆನಪಾಯಿತು. ಆ ಕೂಸಿನ ಬಳ್ಳಿ ಕೊಯ್ದದ್ದು ಅವಳ ಕೈ. ಮಹದೇವುಗಿಂತ ಮೊದಲು ಅವಳೇ ಹೆತ್ತ ಎರಡು ಕೂಸುಗಳು ಹೀಗೇ ಬಾಯಿ ಬಿಗಿದು ಹೋಗಿದ್ದವು. ಅವಕ್ಕೆ ಅತ್ತೆಯ ಕೈ, ಇದೇ ಕುಡ್ಲು. ಬ್ಲೇಡು ತೆಗೆದುಕೊಂಡರೆ ಎಲ್ಲವನ್ನೂ ಒಪ್ಪಿಕೊಂಡಂತೆ. ಅವಳಿಗೆ ಕೋಪ ಬಂತು. ಸೊಸೆಯ ಹಿಡಿತ ಮಾತ್ರ ಸಡಿಲವಾಗಲಿಲ್ಲ. ಸೋಮಮ್ಮ ಪೊಟ್ಟಣ ಬಿಡಿಸಿದಳು.

ಏಳನೇ ದಿನ ಅವಳು ಅನ್ನ ಮುಟ್ಟಲಿಲ್ಲ. ಕೂಸು ಹಾಲು ಕುಡಿಯಿತು. ಎಂಟನೇ ದಿನವೂ ಕುಡಿಯಿತು. ಒಂಬತ್ತನೇ ದಿನ ಬೆಳಿಗ್ಗೆ ಅದು ಚಪ್ಪರಿಸುವ ಸದ್ದು ಹೊರಗೆ ಹಟ್ಟಿಯವರೆಗೂ ಕೇಳುತ್ತಿತ್ತು. ಸಂತೋಷಪಡಬೇಕಾದ ಸೋಮಮ್ಮ ಗೋಡೆಗೆ ಒರಗಿ ಸದ್ದಿಲ್ಲದೆ ಅತ್ತಳು. ಆಮೇಲೆ ದಿಂಬಿನಡಿಯಿಂದ ಕುಡ್ಲು ತೆಗೆದು, ಹೊಲಕ್ಕೆ ಹೊರಟಿದ್ದ ಮಗನ ಮುಂದೆ ಹಿಡಿದಳು.

"ತಕಂಡೋಗು."

ಮಹದೇವು ಹಿಂದಕ್ಕೆ ಸರಿದ. "ಬ್ಯಾಡ ಕಣವ್ವ, ಅಲ್ಲೇ ಇರ್ಲಿ. ಇನ್ನೊಂದ್ ಕಿತ ನನ್ ಕೈಲಾಗಲ್ಲ."

"ಆವತ್ತು ನೀ ಒಯ್ದುದ್ಕಲ್ಲ ಕಣ್ಲಾ."

"ಮತ್ತೆ?"

"ನಾ ಕೊಯ್ದುದ್ಕೆ. ಇದ್ರಲ್ಲಿ ನಂಜಿತ್ತು. ನಿನ್ ಕೂಸ ನಾನೇ ತಿಂದೆ ಕಣ್ ಮಗ, ನೀನಲ್ಲ."

ಅವನು ಅವ್ವನ ಮುಖವನ್ನೇ ನೋಡಿದ. ಬೈದು ಬೈದು ಸಾಕಾದ ಮುದುಕಿಗೆ ಈಗ ಮಗನ ಮೇಲೆ ಕರುಣೆ ಬಂದಿದೆ ಅಂದುಕೊಂಡ.

"ನನ್ ಸಮಾಧಾನುಕ್ಕೆ ಯಾನ್ಯಾನೋ ಯೋಳ್ಬ್ಯಾಡ ಕಣವ್ವ. ಒಯ್ದೋನು ನಾನು. ನಂಗೊತ್ತಿಲ್ವಾ?"

ಅವಳ ಬೆರಳುಗಳಿಂದ ಕುಡ್ಲನ್ನು ಮೆಲ್ಲಗೆ ಬಿಡಿಸಿಕೊಂಡು ಒಳಗೆ ಹೋದ. ಅದನ್ನು ಮತ್ತೆ ದಿಂಬಿನಡಿ ಇಟ್ಟು, ಅಲಗು ಕೂಸಿನ ಕಡೆಗಿಲ್ಲ ತಾನೇ ಎಂದು ಮುಟ್ಟಿ ನೋಡಿದ. ಆಮೇಲೆ ಪುಟ್ಟಬಸಪ್ಪನ ಮನೆಯಲ್ಲಿ ಕುಡ್ಲು ಕೇಳಿಕೊಂಡು ಹೊಲಕ್ಕೆ ಹೋಗಲು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೊರಟ.