ಒಂದು ಗೆರೆ ಮೇಲೆ

ಎರ್ಸಿಲಿಯಾ ಕಪ್ಪು ಲಂಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಚೌಕದ ಉದ್ದಕ್ಕೂ ಓಡುತ್ತಿದ್ದಳು. ಅರವತ್ತು ದಾಟಿದ ಹೆಂಗಸು ಹಾಗೆ ಓಡುವುದನ್ನು ಕಂಡು ಬ್ರೆಡ್ಡಿನಂಗಡಿಯ ಆರ್ಜಿಯಾ ಬಾಗಿಲಿಗೆ ಬಂದಳು.

"ಎಲ್ಲಿಗೇ ಓಟ? ಸತ್ತೋರಿಗೇನು ಅವಸರ, ಕಾಯ್ತಾರೆ ಕಣೇ."

"ಬ್ಯಾಂಡಿನೋರು ತಪ್ಪು ನುಡಿಸ್ತಿದಾರೆ," ಎಂದಳು ಎರ್ಸಿಲಿಯಾ, ನಿಲ್ಲದೆ.

ಚರ್ಚಿನ ಹಿಂದಿನ ಕೊಟ್ಟಿಗೆಯಲ್ಲಿ ಅಭ್ಯಾಸ ನಡೆದಿತ್ತು. ಇನ್ನೊಂದು ಗಂಟೆಯಲ್ಲಿ ಊರಿನ ಸಂಗೀತದ ಮೇಷ್ಟ್ರು, ಮಾಯೆಸ್ತ್ರೊ ಚೆಲ್ಸೊ ಬರ್ತಾಲಿಯವರ ಶವಪೆಟ್ಟಿಗೆ ಹೊರಡಬೇಕು. ಅದರ ಮುಂದೆ ನುಡಿಸಬೇಕಾದ್ದು ಅವರು ಬರೆದ ಒಂಬತ್ತನೆಯ ಒಪೆರಾದಲ್ಲಿ, ಆ ಹಾಡಿನ ನಾಟಕದಲ್ಲಿ, ಅಗಸಗಿತ್ತಿ ಹೊಳೆದಂಡೆಯಲ್ಲಿ ಹಾಡುವ ಹಾಡು. ಊರಿನ ಹೆಂಗಸರೆಲ್ಲ ಬಟ್ಟೆ ಒಗೆಯುತ್ತ ಅದನ್ನೇ ಹಾಡುತ್ತಾರೆ. ಎರಡನೆಯ ಸಾಲಿನ ಕೊನೆಯಲ್ಲಿ ದನಿ ಥಟ್ಟನೆ ಮೇಲಕ್ಕೆ ಹಾರಬೇಕು. ಬ್ಯಾಂಡಿನ ತುತ್ತೂರಿ ಅಲ್ಲಿ ಕೆಳಗೇ ಕೂತುಬಿಟ್ಟಿತು.

ಬ್ಯಾಂಡಿನ ಮುಖ್ಯಸ್ಥ ಗ್ವೆರಿನೊ ಈ ಊರಿಗೆ ಬಂದು ಎರಡೇ ವರ್ಷ. ಅವನು ಹಳದಿ ಹಾಳೆಯೊಂದನ್ನು ಅವಳ ಮೂಗಿನ ಮುಂದೆ ಹಿಡಿದ.

"ನೋಡಮ್ಮ, ಮಾಯೆಸ್ತ್ರೊ ಮನೇಲಿ ಕಾಗದದ ಪೆಟ್ಟಿಗೇಲಿ ಸಿಕ್ತು. ಅವರದೇ ಕೈಬರಹ. ಮೂವತ್ತು ವರ್ಷದಿಂದ ನೀವೆಲ್ಲ ತಪ್ಪು ಹಾಡ್ತಿದೀರ. ಇವತ್ತಾದ್ರೂ ಅವರು ಬರೆದ ಹಾಗೆ ನುಡಿಸೋಣ."

"ಅವರಿಗೆ ಅದು ಬೇಕಿರ್ಲಿಲ್ಲ."

"ನಿಮಗೆ ಹೇಗೆ ಗೊತ್ತು?"

ಎರ್ಸಿಲಿಯಾಗೆ ಗೊತ್ತಿತ್ತು. ಹೇಳಿದರೆ, ಮಾಯೆಸ್ತ್ರೊಗೆ ಗೆಲುವು ತಂದ ಒಂದೇ ಒಂದು ಹಾಡೂ ಅವರದಲ್ಲವಂತೆ ಎಂದು ಜನ ನಗುತ್ತಾರೆ. ಹೇಳದಿದ್ದರೆ ಆ ಹಾಡು ಅವರ ಕೊನೆಯ ದಾರಿಯಲ್ಲೇ ಸಾಯುತ್ತದೆ. ಅವಳು ತಲೆ ತಗ್ಗಿಸಿಕೊಂಡು ಹೊರಗೆ ಬಂದಳು.

*

ಆಗ ಅವಳಿಗೆ ಮೂವತ್ತು. ಮಾಯೆಸ್ತ್ರೊ ಬರೆದದ್ದನ್ನು ಹಾಡುವವರಿಗೂ ನುಡಿಸುವವರಿಗೂ ಬೇರೆ ಬೇರೆಯಾಗಿ ನಕಲು ಮಾಡಿಕೊಡುವುದು ಅವಳ ಕೆಲಸ. ಅಗಸಗಿತ್ತಿಯ ಹಾಡನ್ನು ನಕಲು ಮಾಡುತ್ತಿದ್ದ ಸೆಪ್ಟೆಂಬರಿನ ಮಧ್ಯಾಹ್ನ, ಕಿಟಕಿ ತೆರೆದಿತ್ತು. ಕೆಳಗೆ ಬೀದಿಯಲ್ಲಿ ಅಂಜೂರ ಮಾರುವ ಬೆಪ್ಪಾ ಕೂಗುತ್ತ ಹೋದಳು. ಅವಳ ಕೂಗು ಕೊನೆಗೆ ಮೇಲೆ ಹಾರುತ್ತಿತ್ತು. ಅದರ ಜೊತೆಗೇ ಎರ್ಸಿಲಿಯಾಳ ಕೈಯೂ ಹಾರಿ, ಹಾಳೆಯ ಐದು ಗೆರೆಗಳಲ್ಲಿ ಸ್ವರದ ಚುಕ್ಕಿಯನ್ನು ಒಂದು ಗೆರೆ ಮೇಲೆ ಇಟ್ಟಿತು. ಗೆರೆ ಏರಿದಷ್ಟೂ ಸ್ವರ ಏರುತ್ತದೆ.

ಮರುದಿನ ಊರಿನ ರಂಗಮಂದಿರದ ಅಭ್ಯಾಸದಲ್ಲಿ ಹಾಡುಗಾತಿ ಆ ಸ್ವರಕ್ಕೆ ಬಂದಾಗ, ತಾಳ ತೋರಿಸುತ್ತಿದ್ದ ಮಾಯೆಸ್ತ್ರೊ ಅವರ ಕೋಲು ಗಾಳಿಯಲ್ಲೇ ನಿಂತಿತು. ಅವರು ಹಾಳೆ ನೋಡಿದರು. ನೆಟ್ಟಗೆ ಪರದೆಯ ಹಿಂದೆ ಅವಳು ನಿಂತಲ್ಲಿಗೆ ಬಂದರು.

"ಇದು ಎಲ್ಲಿಂದ ಬಂತು?"

"ಅಂಜೂರ..." ಎಂದು ಶುರುಮಾಡಿದಳು ಎರ್ಸಿಲಿಯಾ.

ಪೂರ್ತಿ ಕೇಳಿದ ಮೇಲೆ ಅವರು ಕೆಮ್ಮು ಬರುವಷ್ಟು ನಕ್ಕರು. "ಮಿಲಾನಿಂದ ನೇಪಲ್ಸ್‌ವರೆಗೆ ಎಂಟು ಒಪೆರಾ ಆಡಿಸ್ದೆ. ಎಂಟಕ್ಕೂ ಚೆನ್ನಾಗಿಲ್ಲ ಅಂತ ಸಿಳ್ಳೆ ಹೊಡೆದು ಓಡಿಸಿದ್ರು. ಆ ಬೆಪ್ಪಾ ನನ್ನ ಕಿಟಕಿ ಕೆಳಗೂ ದಿನಾ ಕೂಗ್ತಾಳೆ. ನಾನು ಗದ್ದಲ ಅಂತ ಕಿಟಕಿ ಮುಚ್ಕೊಂಡು ಕೂತಿದ್ದೆ. ಹಾಗೇ ಇರ್ಲಿ ಬಿಡು. ನಾನಿರೋವರೆಗೂ ಯಾರಿಗೂ ಹೇಳ್ಬೇಡ. ಆಮೇಲೆ ನಿನ್ನಿಷ್ಟ."

ಆ ಸಲ ಒಂದೂ ಸಿಳ್ಳೆ ಬೀಳಲಿಲ್ಲ. ಜನ ಅದೊಂದು ಹಾಡನ್ನು ನಾಲ್ಕು ಸಲ ಹಾಡಿಸಿದರು. ಅವರು ಮತ್ತೆ ಒಪೆರಾ ಬರೆಯಲಿಲ್ಲ. ಊರಲ್ಲೇ ಉಳಿದು ಮಕ್ಕಳಿಗೆ ಪಿಟೀಲು ಕಲಿಸಿದರು, ಚರ್ಚಿನಲ್ಲಿ ಆರ್ಗನ್ ನುಡಿಸಿದರು. ಚಳಿಗಾಲದಲ್ಲೂ ಅವರ ಮನೆಯ ಕಿಟಕಿ ತೆರೆದೇ ಇರುತ್ತಿತ್ತು.

*

"ಮಾಯೆಸ್ತ್ರೊ ಇಷ್ಟು ಭಾರ ಅಂತ ಗೊತ್ತಿರ್ಲಿಲ್ಲ," ಎಂದ ಕ್ಷೌರಿಕ ನೆಲ್ಲೊ, ಪೆಟ್ಟಿಗೆಗೆ ಹೆಗಲು ಕೊಟ್ಟವನು.

"ದಿನಾ ನನ್ನ ಕೈಯಿಂದ ಎರಡು ಬ್ರೆಡ್ಡು ತಿಂದೋರು, ಹಗುರ ಇರ್ತಾರಾ?" ಎಂದಳು ಆರ್ಜಿಯಾ. "ನನ್ ಮಗನಿಗೆ ಎಂಟು ವರ್ಷ ಕಲಿಸಿದ್ರು. ಕೊನೆಗೆ 'ಆರ್ಜಿಯಾ, ಇವನ ಕೈ ಹಿಟ್ಟು ನಾದೋಕೇ ಸರಿ' ಅಂದ್ರು. ಅಷ್ಟು ವರ್ಷ ಹೇಳೋಕೆ ಮನಸ್ಸೇ ಬಂದಿರ್ಲಿಲ್ಲ ಪಾಪ."

ಮೆರವಣಿಗೆ ಅವರ ಕಿಟಕಿಯ ಕೆಳಗೆ ಬಂದಾಗ ಬ್ಯಾಂಡು ಹಾಡನ್ನು ಎತ್ತಿಕೊಂಡಿತು. ಬೀದಿಯ ತುಂಬ ತುಟಿಗಳು ಅಲುಗಿದವು. ಎರಡನೆಯ ಸಾಲಿನ ಕೊನೆಗೆ ಎಲ್ಲರ ಗದ್ದ ಮೇಲೆದ್ದಿತು. ತುತ್ತೂರಿ ಕೆಳಗೇ ಉಳಿಯಿತು.

ಎಲ್ಲೋ ಒಂದು ಸಿಳ್ಳೆ ಬಿತ್ತು. ಮರುಕ್ಷಣ ಹತ್ತು, ಆಮೇಲೆ ಇಡೀ ಬೀದಿ. ಪಾದ್ರಿ ಬೆಚ್ಚಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು.

"ಸಾವಿನ ದಿನಾನೂ ಅವರಿಗೆ ಸಿಳ್ಳೆ ಹೊಡೆಸ್ತೀಯೇನಯ್ಯ?" ಎಂದು ಆರ್ಜಿಯಾ ಗ್ವೆರಿನೊನ ತೋಳು ಹಿಡಿದಳು.

ಅವನು ಬಿಳಿಚಿಕೊಂಡು ಹಾಳೆಯನ್ನು ಎತ್ತಿ ತೋರಿಸಿದ. "ಇದು ಅವರದೇ ಕೈಬರಹ! ನೀವು ಹಾಡೋ ಸ್ವರ ಯಾರದು, ಹೇಳಿ ಮತ್ತೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಂದು," ಎಂದಳು ಎರ್ಸಿಲಿಯಾ ಮೆಲ್ಲಗೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಹೆಜ್ಜೆ ಮುಂದೆ ಬಂದಳು. "ನಂದು. ಅಂದ್ರೆ, ಅಂಜೂರದ ಬೆಪ್ಪಾಂದು. ಅವಳು ಕೂಗ್ತಾ ಹೋದ್ಲು, ನಾನು ತಪ್ಪು ಬರೆದೆ. ಮಾಯೆಸ್ತ್ರೊ ಕೇಳಿ, ಹಾಗೇ ಇರ್ಲಿ ಅಂದ್ರು. ಇರ್ಲಿ ಅಂದೋರು ಅವರೇ."

"ಬೆಪ್ಪಾನಾ? ನಮ್ಮಜ್ಜಿ ಕಣ್ರೋ!" ಎಂದು ನೆಲ್ಲೊ ಕೂಗಿದ. ಪೆಟ್ಟಿಗೆ ಒಂದು ಕಡೆ ವಾಲಿತು.

"ಅಲ್ಲಾಡ್ಬೇಡ್ವೋ, ಬೀಳಿಸ್ತೀಯ," ಎಂದ ಪಕ್ಕದಲ್ಲಿ ಹೊತ್ತವನು.

ನಗು ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಅದು ಎರ್ಸಿಲಿಯಾ ಹೆದರಿದ್ದ ನಗುವಾಗಿರಲಿಲ್ಲ. ಅಜ್ಜಿಯಂದಿರು ಒಬ್ಬರಿಗೊಬ್ಬರು ಬೆಪ್ಪಾಳ ಕೂಗನ್ನು ಕೂಗಿ ತೋರಿಸುತ್ತಿದ್ದರು.

ಗ್ವೆರಿನೊ ಜೇಬಿನಿಂದ ಪೆನ್ಸಿಲು ತೆಗೆದು, ಹಾಳೆಯ ಜೊತೆ ಅವಳ ಕೈಗೆ ಕೊಟ್ಟ. ಇಟ್ಟು ಬರೆಯಲು ಏನೂ ಇರಲಿಲ್ಲ. ನೆಲ್ಲೊ ಉಳಿದವರಿಗೆ ಕಣ್ಣಸನ್ನೆ ಮಾಡಿದ. ಹೊತ್ತವರು ಮೊಣಕಾಲು ಬಗ್ಗಿಸಿ ಪೆಟ್ಟಿಗೆಯನ್ನು ಅವಳ ಮೊಣಕೈ ಎತ್ತರಕ್ಕೆ ಇಳಿಸಿದರು.

"ಬೇಗ ಬರಿಯಮ್ಮ, ಕಾಲು ನಡುಗ್ತಿದೆ," ಎಂದ ನೆಲ್ಲೊ.

ಅವಳು ಹಾಳೆಯನ್ನು ಮುಚ್ಚಳದ ಮೇಲೆ ಹರಡಿದಳು. ಹಳೆಯ ಚುಕ್ಕಿಯನ್ನು ಹೊಡೆದುಹಾಕಿ, ಒಂದು ಗೆರೆ ಮೇಲೆ ಹೊಸದನ್ನು ದುಂಡಗೆ ತುಂಬಿದಳು. ಪೆನ್ಸಿಲಿನ ಗುರುತು, ಆದರೂ ಶಾಯಿ ಆರಲೆಂಬಂತೆ ಬಾಗಿ, ಮೆಲ್ಲಗೆ ಊದಿದಳು.