ಕೋಪವೇ ಬಾರದ ವಂಶ

ನನ್ನ ಮಗಳು ಆಶಾರಾಣಿ ತುಮಕೂರಿನಲ್ಲಿ ಸೈಕಾಲಜಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅದು ಏನು ಓದು ಅಂತ ಚೇಳೂರಿನವರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬರುವವರೆಲ್ಲ ಸುಟ್ಟ ಮೋಟರ್ ಇಳಿಸಿ, "ಗೋವಿಂದರಾಜಣ್ಣ, ಮಗಳು ಡಾಕ್ಟ್ರಂತಲ್ಲ, ನಿದ್ದೆ ಮಾತ್ರೆ ಬರ್ಕೊಡ್ತಾಳಾ?" ಅನ್ನುತ್ತಾರೆ. ಮಾತ್ರೆ ಬರೆಯುವವರು ಬೇರೆ, ಇವಳು ಮಾತಾಡಿಸಿ ವಾಸಿ ಮಾಡುವವಳು ಅಂದರೆ, ಮೋಟರ್ ಕೊಡಲು ಬಂದಿದ್ದ ನಾಗಭೂಷಣ ನಕ್ಕುಬಿಟ್ಟ.

"ಮಾತಾಡೋಕೆ ಐದು ವರ್ಷ ಓದ್ಬೇಕಾ? ನಮ್ಮನೇವ್ಳು ಏನೂ ಓದ್ದೆ ದಿನವೆಲ್ಲ ಮಾತಾಡ್ತಾಳೆ."

ಅವನ ಮೋಟರನ್ನು ಎತ್ತಿ ಮೂಲೆಗೆ ಹಾಕಿದೆ. ಬಿಚ್ಚಲೂ ಇಲ್ಲ.

ಒಳಗೊಳಗೆ ನನಗೂ ಅದೇ ಅನುಮಾನ. ಎಂ.ಎಸ್ಸಿ. ಮುಗಿದರೂ ಸಾಲದು, ಆಮೇಲೆ ಆಸ್ಪತ್ರೆಯಲ್ಲಿ ಟ್ರೈನಿಂಗ್ ಆಗಬೇಕು, ಆಗ ಮಾತ್ರ ಬೋರ್ಡು ಹಾಕಿಕೊಂಡು ಕೂರಬಹುದು ಅಂತ ಆಶಾ ಹೇಳುತ್ತಿದ್ದಳು. ಆಸ್ಪತ್ರೆಗೆ ಕಳಿಸುವ ಮೊದಲು ಕಾಲೇಜಿನವರಿಗೆ ಒಂದು ಕೇಸು ಮಾಡಿ ತೋರಿಸಬೇಕು. ಪೊಲೀಸ್ ಕೇಸಲ್ಲ. ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಅವನ ಮನಸ್ಸು, ಮನೆತನ ಎಲ್ಲ ಕೇಳಿ ಬರೆಯುವುದು. ಅವರ ಮೇಷ್ಟ್ರು ಕೃಷ್ಣಕುಮಾರ್ ಒಪ್ಪಿ ಸಹಿ ಹಾಕಿದರೆ ಆಸ್ಪತ್ರೆ. ಇಲ್ಲದಿದ್ದರೆ ಒಂದು ವರ್ಷ ಹೋಯಿತು.

"ನನ್ನೇ ಕೂರಿಸ್ಕೊ," ಅಂದೆ.

"ಸ್ವಂತ ಅಪ್ಪನ್ನ ಮಾಡೋ ಹಾಗಿಲ್ಲಪ್ಪ. ಅದಕ್ಕೇ ನಾನೂ ನನ್ನ ಕ್ಲಾಸಿನ ಚೈತನ್ಯನೂ ಅದಲುಬದಲು ಮಾಡ್ಕೊಂಡಿದೀವಿ. ಅವನು ನಿನ್ನ ಮಾತಾಡಿಸ್ತಾನೆ, ನಾನು ಅವರಮ್ಮನ್ನ ಮಾತಾಡಿಸ್ತೀನಿ. ಕುಣಿಗಲ್ ತಾಲ್ಲೂಕು, ಹುತ್ರಿದುರ್ಗದೋರು."

ಮಗಳು ಒಳಗೆ ಹೋದಮೇಲೆ ನನ್ನ ಹೆಂಡತಿ ನೇತ್ರಾವತಿ ಹತ್ತಿರ ಬಂದಳು.

"ಹುಡುಗ ಬಂದು ಹೆಣ್ಣಿನ ಅಪ್ಪನ್ನ ಮಾತಾಡಿಸ್ತಾನೆ. ಹುಡುಗಿ ಹೋಗಿ ಹುಡುಗನ ತಾಯೀನ ಮಾತಾಡಿಸ್ತಾಳೆ. ಇದಕ್ಕೆ ಕೇಸು ಅಂತಾರೇನ್ರೀ?"

"ನೇರವಾಗಿ ಹೇಳೋಕೆ ನಾಚಿಕೆ, ಬುಡು."

"ನಿಮ್ಮ ಸಿಟ್ಟು ತೋರಿಸ್ಬೇಡಿ. ಒಳ್ಳೆ ಸಂಬಂಧ ಇದ್ರೆ ಇರ್ಲಿ."

ಸಂಬಂಧ ಕೇಳಲು ಹೋಗುವವನ ಹಾಗೆ ಇಸ್ತ್ರಿ ಷರ್ಟು ಹಾಕಿಕೊಂಡು, ಒಂದು ಚೀಲ ತೆಂಗಿನಕಾಯಿ ಹೊತ್ತುಕೊಂಡು ತುಮಕೂರಿಗೆ ಹೋದೆ. ಕಾಲೇಜಿನ ಒಂದು ಕೋಣೆಯಲ್ಲಿ ಹುಡುಗ ಕೂತಿದ್ದ. ಮೊದಲಿಗೆ ಅದೇನೋ ರೂಲ್ಸು ಹೇಳಿದ. ನಾನು ಅವನ ಎತ್ತರ, ಹಲ್ಲು ನೋಡುತ್ತಿದ್ದೆ. ಕೇಳಿಸಿಕೊಳ್ಳಲಿಲ್ಲ.

ಕಾಯಿ ಚೀಲ ಮುಂದಕ್ಕೆ ತಳ್ಳಿದೆ. "ಬೇಡಿ ಅಂಕಲ್, ನಾವು ಏನೂ ತಗೋಬಾರ್ದು," ಅಂದ. ವರದಕ್ಷಿಣೆ ಕೇಳುವ ಪೈಕಿ ಅಲ್ಲ ಅಂದುಕೊಂಡೆ.

"ನಿಮ್ಮ ಮನೆದೇವ್ರು ಯಾವ್ದಪ್ಪ?"

"ಇಲ್ಲಿ ನನ್ನ ವಿಷಯ ಮಾತಾಡೋ ಹಾಗಿಲ್ಲ ಅಂಕಲ್."

ಜಂಭವಿಲ್ಲದ ಹುಡುಗ. ಆಮೇಲೆ ಹಾಳೆಯ ಮೇಲೆ ಚೌಕ ಎಳೆದ, ಅದರೊಳಗೆ ನನ್ನ ಹೆಸರಿನ ಮೊದಲಕ್ಷರ ಬರೆದ. ಅದರ ಮೇಲೆ ಇನ್ನೊಂದು ಚೌಕ, ಪಕ್ಕಕ್ಕೆ ಒಂದು ದುಂಡು, ನಡುವೆ ಗೆರೆ. ಜಾತಕವನ್ನೂ ತಾನೇ ಬರೆಯುತ್ತಾನೆ ಅಂತ ಆಶ್ಚರ್ಯವಾಯಿತು.

"ನಿಮ್ಮ ತಂದೆ ಹೇಗಿದ್ರು?"

"ಕದರಯ್ಯ ಅಂತ. ಹಸುವಿನಂಥ ಮನುಷ್ಯ."

ಸಾರಿಗೆ ಉಪ್ಪು ಕಮ್ಮಿಯಾದರೆ ನಮ್ಮಪ್ಪ ತಟ್ಟೆ ಎಸೆಯುತ್ತಿದ್ದ. ನಮ್ಮ ಮನೆಯಲ್ಲಿ ನೆಟ್ಟಗೆ ಕೂರುವ ತಟ್ಟೆಯೇ ಇರಲಿಲ್ಲ.

"ಮನೇಲಿ ಯಾರಿಗಾದ್ರೂ ಕುಡಿತ?"

"ಕಾಫಿನೂ ಅಷ್ಟಕ್ಕಷ್ಟೇ."

ಆ ಹೊತ್ತಿಗೆ ನನ್ನ ತಮ್ಮ ತಿಮ್ಮರಾಜು ಗುಬ್ಬಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಲಗಿದ್ದಿರಬೇಕು.

"ನಿಮಗೆ ಕೋಪ ಬರೋದು ಯಾವಾಗ?"

"ಕೋಪ ಅಂದ್ರೆ?"

ಹುಡುಗ ತಲೆ ಕೆರೆದುಕೊಂಡ. "ಅಂಕಲ್, ನಿಮಗೆ ಕೋಪದ್ದೇ ತೊಂದರೆ ಅಂತ ಆಶಾ ಹೇಳಿದ್ಲು."

"ತಮಾಷೆ ಮಾಡವ್ಳೆ. ನಮ್ಮ ವಂಶದಲ್ಲೇ ಯಾರಿಗೂ ಕೋಪ ಬರಲ್ಲ."

ಇನ್ನೆರಡು ಸಲ ಹೋದಾಗಲೂ ಹೀಗೇ ದಾಟಿಸಿದೆ. ಒಂದು ದಿನ ಆಶಾ ಫೋನ್ ಮಾಡಿದಳು. ದನಿ ಅಳು ಅಳು.

"ಅಪ್ಪ, ಇಬ್ಬರ ಕೇಸನ್ನೂ ಸರ್ ವಾಪಸ್ ಕೊಟ್ರು. ಎರಡೂ ಮನೆಯೋರನ್ನ ಒಟ್ಟಿಗೆ ಕರೆಸಿ ಅಂದವ್ರೆ. ಈ ಸಲ ಆಗ್ಲಿಲ್ಲ ಅಂದ್ರೆ ಆಸ್ಪತ್ರೆ ಟ್ರೈನಿಂಗು ಇಲ್ಲ."

"ಎರಡೂ ಮನೆಯೋರು ಒಟ್ಟಿಗೆ ಅಂದ್ರೆ ಮಾತುಕತೆ ಮುಗಿಸೋಕೇ," ಅಂದಳು ನೇತ್ರಾವತಿ. ಹೂವು, ಎಲೆ ಅಡಿಕೆ, ಹಣ್ಣು ತಟ್ಟೆಯಲ್ಲಿ ಜೋಡಿಸಿದಳು.

ಕಾಲೇಜಿನ ಕಾರಿಡಾರಿನ ಬೆಂಚಿನ ಮೇಲೆ ರೇಷ್ಮೆ ಸೀರೆಯ ಹೆಂಗಸೊಬ್ಬಳು ಕೂತಿದ್ದಳು. ಮಡಿಲಲ್ಲಿ ತಟ್ಟೆ. ತಟ್ಟೆಯಲ್ಲಿ ಬಾಳೆಹಣ್ಣು. ನಮ್ಮ ತಟ್ಟೆ ನೋಡಿ ಎದ್ದು ನಿಂತಳು.

"ನಾನು ಭದ್ರಮ್ಮ, ಚೈತನ್ಯನ ತಾಯಿ. ನಿಮ್ಮ ಮಗಳು ಎಷ್ಟು ನಯವಾಗಿ ಕೇಳ್ತಾಳಣ್ಣ. ಅತ್ತೆ ಹೆಂಗಿದ್ರು, ಮೈದುನಂದಿರು ಹೆಂಗೆ ಅಂತೆಲ್ಲ ವಿಚಾರಿಸ್ಕೊಂಡ್ಲು. ಹಾಲು ಜೇನಿನಂಗೆ ಇದೀವಿ ಅಂದೆ."

"ನಮ್ಮಲ್ಲೂ ಹಂಗೇ ಅಕ್ಕ."

"ಶ್ರಾವಣಕ್ಕೆ ಇಟ್ಕೊಳ್ಳಾಣ್ವಾ?"

"ಮೊದ್ಲು ಅವ್ಳ ಟ್ರೈನಿಂಗು ಮುಗೀಲಿ."

"ಮದುವೆ ಆದ್ಮೇಲೆ ಯಾವ ಟ್ರೈನಿಂಗಣ್ಣ? ಸೊಸೆ ಹುಚ್ಚಾಸ್ಪತ್ರೆಗೆ ಓಡಾಡ್ತಾಳೆ ಅಂದ್ರೆ ಊರೋರು ಏನಂದಾರು?"

"ನಿಮ್ಮ ಮಗನೂ ಅಲ್ಲಿಗೇ ತಾನೆ ಹೋಗೋದು?"

"ಅವ್ನು ಗಂಡುಡುಗ."

ನೇತ್ರಾವತಿ ನನ್ನ ಷರ್ಟು ಹಿಡಿದಳು. ಅಷ್ಟರಲ್ಲಿ ನನ್ನ ಕೈ ತಟ್ಟೆ ಬಿಟ್ಟಾಗಿತ್ತು. ಅದು ಗೋಡೆಗೆ ಬಡಿದು, ಕಾರಿಡಾರಿನ ಉದ್ದಕ್ಕೂ ಉರುಳಿಕೊಂಡು ಹೋಯಿತು.

"ಏನಮ್ಮ, ಐದು ವರ್ಷ ಓದಿಸಿರೋದು ನಿಮ್ಮನೆ ಮುದ್ದೆ ಪಾತ್ರೆ ತೊಳೆಸೋಕಾ? ಆಸ್ಪತ್ರೆಗೆ ಹೋಗ್ತಾಳೆ. ಬೋರ್ಡೂ ಹಾಕ್ತಾಳೆ. ನಿಮ್ಮಂಥೋರೇ ಬಂದು ಸಾಲಾಗಿ ಕೂತ್ಕೋಬೇಕು."

"ಯಾರತ್ರ ಕೂಗಾಡ್ತೀರಿ? ಭಾಗದ ಗಲಾಟೇಲಿ ಮೈದುನನ ಮೇಲೆ ಒನಕೆ ಎತ್ತಿದೋಳು ನಾನು."

"ನಮ್ಮಪ್ಪನ ತಟ್ಟೆ ತಪ್ಪಿಸ್ಕೊಂಡು ಬೆಳೆದೋನಿಗೆ ಒನಕೆ ತೋರಿಸ್ತೀರಾ?"

ಕೋಣೆಯ ಬಾಗಿಲು ತೆರೆಯಿತು. ಕೃಷ್ಣಕುಮಾರ್ ಮೇಷ್ಟ್ರು, ಅವರ ಹಿಂದೆ ಆಶಾ, ಚೈತನ್ಯ. ಮೇಷ್ಟ್ರು ಬಗ್ಗಿ ತಟ್ಟೆ ಎತ್ತಿಕೊಂಡರು.

"ಕೋಪ ಅಂದ್ರೇನು ಅಂತ ಕೇಳಿದೋರು ಇವ್ರೇ ಏನಮ್ಮ?"

"ಹೌದು ಸರ್," ಅಂದಳು ಆಶಾ ನೆಲ ನೋಡುತ್ತಾ.

"ಮೂರು ತಲೆಮಾರು ಜಗಳವೇ ಆಡದ ಎರಡು ಮನೆ. ಅದಕ್ಕೇ ನಾನು ಸಹಿ ಹಾಕ್ಲಿಲ್ಲ. ಈ ಹೂವು ಹಣ್ಣು ಯಾತಕ್ಕೆ?"

"ಮದುವೆ ಮಾತುಕತೆಗೆ," ಅಂದಳು ಭದ್ರಮ್ಮ.

"ಯಾರ ಮದುವೆ?" ಅಂದರು ಆಶಾ ಚೈತನ್ಯ ಒಟ್ಟಿಗೇ. ಚೈತನ್ಯ ಮೇಷ್ಟ್ರ ಬೆನ್ನ ಹಿಂದೆ ಸರಿದುಕೊಂಡ. ಅವನ ಮುಖ ನೋಡಿದಾಗಲೇ ನನಗೆ ಎಲ್ಲ ಅರ್ಥವಾದದ್ದು. ಆದರೂ ಅವನು ಜೇಬಿನಿಂದ ಪೆನ್ನು ತೆಗೆದ.

"ಪೆನ್ನು ಒಳಗಿಡಪ್ಪ," ಅಂದರು ಮೇಷ್ಟ್ರು. "ಕಾರಿಡಾರಿನಲ್ಲಿ ಕಿವಿಗೆ ಬಿದ್ದದ್ದು ಕೇಸಲ್ಲ. ಅವರಾಗಿ ಕೂತು ಹೇಳ್ಬೇಕು."

"ಹೇಳಿದ್ದು ಊರಿಗೆಲ್ಲ ಗೊತ್ತಾಗುತ್ತಾ?" ಕೇಳಿದೆ.

"ಹೆಸರೂ ಇರಲ್ಲ ಅಂಕಲ್, ಯಾರಿಗೂ ಹೇಳಲ್ಲ."

"ಇದನ್ನ ಮೊದ್ಲೇ ಹೇಳ್ಬಾರ್ದಾ?"

"ಮೊದಲನೇ ದಿನ ಮೊದಲನೇ ಮಾತೇ ಅದು."

ಆಗ ನಾನು ಅವನ ಹಲ್ಲು ನೋಡುತ್ತಿದ್ದೆ.

ಆಶಾಳ ಕೇಸು ಇದ್ದದ್ದು ನನ್ನ ಕೈಯಲ್ಲಲ್ಲ, ನಾನು ಈಗಷ್ಟೇ ತಟ್ಟೆ ಎಸೆದು ಬೈದ ಹೆಂಗಸಿನ ಕೈಯಲ್ಲಿ. ನನಗೆ ಯಾರನ್ನೂ ಬೇಡಿಕೊಂಡು ಅಭ್ಯಾಸವಿಲ್ಲ. ಗಂಟಲು ಸರಿಮಾಡಿಕೊಂಡೆ.

"ಅಕ್ಕ, ಇದ್ದದ್ದು ಇದ್ದಂಗೆ ಹೇಳ್ಬುಡಿ. ನನ್ನ ಮಗಳು ಆಸ್ಪತ್ರೆಗೆ ಹೋಗ್ಲಿ."

"ನೀವು ಮೊದ್ಲು ಹೇಳಿ. ನನ್ನ ಮಗನೂ ಹೋಗ್ಬೇಕಲ್ಲ."

"ನೀವು ಮೊದ್ಲು."

"ಒನಕೆ ವಿಷಯ ನಾನು ಹೇಳಿ, ತಟ್ಟೆ ವಿಷಯ ನೀವು ನುಂಗ್ಕೊಂಡ್ರೆ?"

ಕೊನೆಗೆ ಮೇಷ್ಟ್ರು ಅಕ್ಕಪಕ್ಕದ ಎರಡು ಕೋಣೆಯ ಬಾಗಿಲು ತೆರೆಸಿದರು. ಭದ್ರಮ್ಮ ಒಂದು ಕಾಲು ಒಳಗಿಟ್ಟು ನನ್ನನ್ನೇ ನೋಡುತ್ತಾ ನಿಂತಳು. ನಾನೂ ಒಂದು ಕಾಲು ಒಳಗಿಟ್ಟೆ. ಒಟ್ಟಿಗೇ ಒಳಗೆ ಹೋದೆವು.

ಚೈತನ್ಯ ಹೊಸ ಹಾಳೆಯಲ್ಲಿ ಚೌಕ ಎಳೆದ. "ಬರ್ಕೊ," ಅಂದೆ. ನಮ್ಮಪ್ಪನಿಂದ ಶುರುಮಾಡಿ, ತಿಮ್ಮರಾಜುವನ್ನು ಬಸ್‌ಸ್ಟ್ಯಾಂಡಿನಿಂದ ಎಬ್ಬಿಸಿಕೊಂಡು, ನಾಗಭೂಷಣನ ಮೋಟರಿನವರೆಗೆ ಬಂದೆ. ನಡುವೆ ಒಂದು ಸಲ ಪಕ್ಕದ ಕೋಣೆಯ ದನಿ ಏರಿತು. ಗೋಡೆಗೆ ಗುದ್ದಿ ನಾನೂ ಜೋರು ಮಾಡಿದೆ. ಹುಡುಗ ಒಂದೂ ಮಾತು ನಡುವೆ ಹಾಕಲಿಲ್ಲ, ಬೇಜಾರೂ ಪಡಲಿಲ್ಲ. ನಾನೇ ಸುಸ್ತಾಗಿ ನಿಲ್ಲಿಸಿದೆ.

ಮೇಷ್ಟ್ರು ಎರಡಕ್ಕೂ ಸಹಿ ಹಾಕಿದರು. ಮುಂದಿನ ತಿಂಗಳು ಆಶಾ ಆಸ್ಪತ್ರೆಗೆ ಹೊರಟಳು. ಹುಡುಗನೂ ಹೋದ, ಬೇರೆ ಬಸ್ಸಿನಲ್ಲಿ.

ಮೊನ್ನೆ ನಾಗಭೂಷಣ ಬಂದು ಮತ್ತೆ ಶುರುಮಾಡಿದ. "ಏನಣ್ಣ, ಮಾತಾಡೋದು ಕಲ್ತಳಾ ಮಗಳು?"

"ಮಾತಾಡೋದಲ್ಲ ಕಣೋ. ನನ್ನಂಥೋನು ನಿಜ ಬಾಯಿ ಬಿಡೋವರ್ಗೂ ಸುಮ್ಮನೆ ಕೂತಿರೋದು ಕಲೀತವ್ಳೆ. ಅದಕ್ಕೇ ಅಷ್ಟು ವರ್ಷ."

ಅವನು ನಕ್ಕ. ಅವನ ಮೋಟರ್ ಇನ್ನೂ ಮೂಲೆಯಲ್ಲೇ ಇದೆ.